ಸೊಂಟನೋವನ್ನು ಅಳೆಯಲು ಹೊರಟ ನನ್ನ ಅನುಭವ

ನಾನು ಮೂಡಿಗೆರೆ ಕಡೆ ಫಿಸಿಯೋಥೆರಪಿಸ್ಟ್. ಅರೇಬಿಕಾ ಕಾಫಿ ಕೊಯ್ಲು ಶುರುವಾದಾಗಿಂದ ರೋಬಸ್ಟಾ ಮುಗಿಯುವವರೆಗೂ ನನ್ನ ಹತ್ತಿರ ಬರುವವರು ಜಾಸ್ತಿ ಸೊಂಟ ಹಿಡಿದುಕೊಂಡೇ ಬರುತ್ತಾರೆ. ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ಯುವವರು, 50 ಕೆಜಿ ಮೂಟೆ ಹೊರುವವರು, ಕಣದಲ್ಲಿ ಬಗ್ಗಿ ಬಗ್ಗಿ ಕಾಫಿ ಹರವುವವರು.

ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಬೇಕು, ನಮಗೆ ಕಲಿಸಿದ್ದು ಹಾಗೆ. ಕೇಳಿದರೆ "ಜಾಸ್ತಿನೇ ಇದೆ ಮೇಡಂ" ಅನ್ನುತ್ತಾರೆ. ನಂಬರೇ ಬೇಕು ಅಂತ ಒತ್ತಾಯ ಮಾಡಿದರೆ, ಕೂಲಿ ತಪ್ಪುತ್ತೆ ಅಂತ ಹೆದರಿದವರು ಎರಡು ಅನ್ನುತ್ತಾರೆ, ನಾಲ್ಕು ದಿನ ರಜೆ ಸಿಕ್ಕರೆ ಸಾಕು ಅನ್ನುವವರು ಹತ್ತು ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಆರು ವಾರ ಚಿಕಿತ್ಸೆ ಕೊಟ್ಟ ಮೇಲೆ ಏನಾದರೂ ಬದಲಾಯಿತಾ ಅಂತ ಆ ನಂಬರಿನಿಂದ ನನಗೆ ಗೊತ್ತಾಗುತ್ತಿರಲಿಲ್ಲ.

ಸ್ಕ್ಯಾನ್ ಇದೆಯಲ್ಲ ಅನ್ನಬಹುದು. ಒಬ್ಬ ಅಮ್ಮ ಎಂಆರ್‌ಐ ಫಿಲ್ಮನ್ನು ಅಕ್ಕಿ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದರು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಇನ್ನು ಬಗ್ಗಲೇಬಾರದು ಅಂತ ಯಾರೋ ಹೇಳಿದ್ದರಂತೆ. ಐದು ತಿಂಗಳಿಂದ ಅವರು ಪೊರಕೆ ಕೂಡ ಹಿಡಿದಿರಲಿಲ್ಲ. 1994ರಲ್ಲಿ ಸೊಂಟನೋವೇ ಇಲ್ಲದ 98 ಜನರ ಸ್ಕ್ಯಾನ್ ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಅಂದರೆ ಚಿತ್ರ ಬೇರೆ, ಸೊಂಟ ಮಾಡುವ ಕೆಲಸ ಬೇರೆ. ನಾನು ಅಳೆಯಬೇಕಾಗಿದ್ದು ಆ ಕೆಲಸವನ್ನು.

ಮೊದಲು ಹಿಡಿದಿದ್ದು ಟೈಲರ್ ಟೇಪು. ಶೋಬರ್ ಪರೀಕ್ಷೆ 1937ರಿಂದ ಇದೆ. ಬೆನ್ನುಮೂಳೆಯ ಮೇಲೆ ಎರಡು ಗುರುತು ಹಾಕಿ, ಬಗ್ಗಿದಾಗ ಅವುಗಳ ನಡುವಿನ ದೂರ ಎಷ್ಟು ಹಿಗ್ಗುತ್ತೆ ಅಂತ ನೋಡುವುದು, ಅಷ್ಟೇ. 1969ರಲ್ಲಿ ತಿದ್ದಿದ ಕ್ರಮದಲ್ಲಿ ಸೊಂಟದ ಎರಡು ಗುಳಿಗಳ ಮಟ್ಟದಿಂದ 5 ಸೆಂಟಿಮೀಟರ್ ಕೆಳಗೆ ಒಂದು ಗುರುತು, 10 ಸೆಂಟಿಮೀಟರ್ ಮೇಲೆ ಇನ್ನೊಂದು. ಕೆಳಗಿನ ಗುರುತು ಬೀಳುವುದು ಸರಿಯಾಗಿ ಲಂಗದ ಲಾಡಿಯ ಕೆಳಗೆ! ಹೆಂಗಸರು ಮುದುಡಿಬಿಡುತ್ತಿದ್ದರು, ಮುದುಡಿದ ಮೈ ಸರಿಯಾಗಿ ಬಗ್ಗುತ್ತದಾ? ಕೊನೆಗೆ ಆಮೇಲೆ ಬಂದ ಇನ್ನೊಂದು ಕ್ರಮಕ್ಕೆ ಬದಲಾಯಿಸಿದೆ. ಗುಳಿಗಳ ಮಟ್ಟದಲ್ಲೇ ಒಂದು ಗುರುತು, ಅಲ್ಲಿಂದ 15 ಸೆಂಟಿಮೀಟರ್ ಮೇಲೆ ಇನ್ನೊಂದು. ಲಾಡಿ ಒಂದು ಬೆರಳು ಇಳಿಸಿದರೆ ಸಾಕು.

ಆಮೇಲೆ ನನ್ನ ಕೈಯನ್ನೇ ಪರೀಕ್ಷೆ ಮಾಡಿದೆ. ಒಬ್ಬರನ್ನೇ ಅಳೆದು, ಗುರುತು ಒರೆಸಿ, ಅರ್ಧ ಗಂಟೆ ಬಿಟ್ಟು, ಹಳೇ ಅಂಕಿ ನೋಡದೆ ಮತ್ತೆ ಅಳೆಯುವುದು. ಮೊದಲ ವಾರ ಒಂದೂವರೆ ಸೆಂಟಿಮೀಟರ್‌ವರೆಗೂ ವ್ಯತ್ಯಾಸ ಬಂತು. ಇಡೀ ಹಿಗ್ಗುವಿಕೆಯೇ ಆರೇಳು ಸೆಂಟಿಮೀಟರ್ ಇರುವಾಗ ಇದು ಸಣ್ಣದಲ್ಲ. ಒಂದು ಸೆಂಟಿಮೀಟರ್ ಸುಧಾರಣೆ ಆಗಿದೆ ಅಂತ ಈ ಹಿಂದೆ ಎಷ್ಟು ಜನರಿಗೆ ಖುಷಿಯಿಂದ ಹೇಳಿದ್ದೆನೋ, ಅದೆಲ್ಲ ನನ್ನ ಬೆರಳಿನ ತಪ್ಪೇ ಇರಬಹುದು ಅಂತ ಆವತ್ತು ತುಂಬ ಬೇಜಾರಾಯಿತು. ತಪ್ಪು ಟೇಪಿನದ್ದಲ್ಲ, ಗುಳಿ ಹುಡುಕುವುದರಲ್ಲಿ ಇತ್ತು. ಎರಡೂ ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ ಒತ್ತಿಕೊಂಡು ಹೋಗಿ ಮೂಳೆ ತಡೆದ ಜಾಗದಲ್ಲೇ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡ ಮೇಲೆ ವ್ಯತ್ಯಾಸ ಅರ್ಧ ಸೆಂಟಿಮೀಟರಿಗೆ ಇಳಿಯಿತು.

ಇನ್ನೊಂದು ವಿಷಯ, ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ದಪ್ಪವಾಗುತ್ತೆ, ಅದಕ್ಕೇ ಬೆಳಿಗ್ಗೆ ಸೊಂಟ ಬಿಗಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ಹೋಲಿಸಿದರೆ ಅರ್ಥವಿಲ್ಲ. ಈಗ ಎಲ್ಲರನ್ನೂ ಕೆಲಸ ಬಿಟ್ಟ ಮೇಲೆ, ಸಂಜೆ ಐದರ ನಂತರವೇ ಅಳೆಯುತ್ತೇನೆ.

ಬೋರಲು ಮಲಗಿಸಿ, ಸೊಂಟದಿಂದ ಮೇಲಿನ ಭಾಗವನ್ನು ಮೇಜಿನಾಚೆ ಎಷ್ಟು ಹೊತ್ತು ನೇರವಾಗಿ ಹಿಡಿಯಲು ಆಗುತ್ತೆ ಅಂತ ನೋಡುವ ಸೊರೆನ್ಸನ್ ಪರೀಕ್ಷೆಯನ್ನೂ ನೋಡಿದೆ. ನೋವಿರುವವರಿಗೆ ಅದು ಹಿಂಸೆ, ಬಿಟ್ಟುಬಿಟ್ಟೆ.

ನಿಜವಾಗಿ ಕಣ್ಣು ತೆರೆಸಿದ್ದು ವೇಗ. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ವಿಲಿಯಂ ಮಾರಸ್ ಮತ್ತು ಜೊತೆಗಾರರು ಬೆನ್ನಿಗೆ ಕಟ್ಟುವ ಒಂದು ಸಾಧನ ಮಾಡಿ, ಸೊಂಟ ಎಷ್ಟು ಬಗ್ಗುತ್ತೆ ಅನ್ನುವುದಕ್ಕಿಂತ ಎಷ್ಟು ವೇಗವಾಗಿ ಬಗ್ಗುತ್ತೆ ಅನ್ನುವುದು ತೊಂದರೆ ಇರುವವರನ್ನು ಚೆನ್ನಾಗಿ ಗುರುತಿಸುತ್ತೆ ಅಂತ ತೋರಿಸಿದರು. ಅಂಥ ಸಾಧನ ನನಗೆಲ್ಲಿ? ಎರಡು ಹಳೇ ಮೊಬೈಲ್ ಇದ್ದವು. ಅವುಗಳ ಒಳಗೂ ವಾಲಿಕೆ, ತಿರುಗುವಿಕೆ ಅಳೆಯುವ ಸೆನ್ಸರ್ ಇದೆ. ಒಂದನ್ನು ಬಟ್ಟೆ ಬೆಲ್ಟಿನಲ್ಲಿ ಸೊಂಟದ ಬುಡಕ್ಕೆ, ಇನ್ನೊಂದನ್ನು ಕೊನೆಯ ಪಕ್ಕೆಲುಬಿನ ಮಟ್ಟಕ್ಕೆ ಕಟ್ಟಿದೆ. ಮೇಲಿನದರಿಂದ ಕೆಳಗಿನದನ್ನು ಕಳೆದರೆ ಉಳಿಯುವುದು ಸೊಂಟದ್ದೇ ಬಾಗು. ಇದು ಮುಖ್ಯ, ಯಾಕೆಂದರೆ ಬಿಗಿದ ಸೊಂಟದವರು ತೊಡೆಸಂದಿಯಿಂದ ಬಗ್ಗಿ ನೆಲ ಮುಟ್ಟಿಬಿಡುತ್ತಾರೆ, ನೋಡುವವರಿಗೆ ಎಲ್ಲ ಸರಿ ಇದೆ ಅನಿಸುತ್ತೆ. ಎರಡು ಫೋನಿನ ಸಮಯ ಹೊಂದಲ್ಲ ಅನ್ನುವುದಕ್ಕೆ, ಕಟ್ಟುವ ಮುಂಚೆ ಎರಡನ್ನೂ ಒಟ್ಟಿಗೆ ಹಿಡಿದು ಮೇಜಿಗೆ ಒಂದು ಸಲ ತಟ್ಟುತ್ತೇನೆ. ಎರಡೂ ಗ್ರಾಫಿನಲ್ಲಿ ಒಂದು ಮುಳ್ಳು ಏಳುತ್ತೆ, ಅಲ್ಲಿಂದ ಲೆಕ್ಕ.

ಆ ಅಕ್ಕಿ ಚೀಲದ ಅಮ್ಮನನ್ನು ಐದು ಸಲ ಬಗ್ಗಿಸಿದೆ. ಟೇಪಿನಲ್ಲಿ ಹಿಗ್ಗಿದ್ದು 5.5 ಸೆಂಟಿಮೀಟರ್, ತೀರಾ ಕಡಿಮೆ ಏನಲ್ಲ. ಆದರೆ ಗ್ರಾಫು ಬಸವನಹುಳು ಹತ್ತಿದ ಹಾಗಿತ್ತು, ಅರ್ಧದಾರಿಯಲ್ಲಿ ಪ್ರತಿ ಸಲ ಒಂದು ತಡೆ. ಅವರಿಗೆ ಬಗ್ಗಲು ಬರುತ್ತಿತ್ತು, ಧೈರ್ಯ ಇರಲಿಲ್ಲ. ಹಾಗಾಗಿ ಮೊದಲ ಎರಡು ವಾರ ಬರೀ ಬಗ್ಗುವುದನ್ನೇ ಅಭ್ಯಾಸ ಮಾಡಿಸಿದೆ, ಮೊದಲು ಸ್ಟೂಲಿನ ಮೇಲಿನ ಚೊಂಬು, ಆಮೇಲೆ ನೆಲದ ಮೇಲಿನದು. ಆರನೇ ವಾರ ಟೇಪು 6 ತೋರಿಸಿತು, ಅದು ನನ್ನ ಕೈತಪ್ಪಿನೊಳಗೇ ಬರುತ್ತೆ, ಲೆಕ್ಕಕ್ಕಿಲ್ಲ. ವೇಗ ಮಾತ್ರ ಹತ್ತಿರ ಹತ್ತಿರ ಎರಡರಷ್ಟಾಗಿತ್ತು, ಆ ತಡೆ ಹೋಗಿತ್ತು. ಗ್ರಾಫು ತೋರಿಸಿದಾಗ ಅವರು ಬೆರಳಲ್ಲಿ ಗೆರೆಯನ್ನು ಸವರಿ, "ಇದು ನಾನಾ?" ಅಂದರು.

ಇನ್ನೂ ಸರಿ ಮಾಡಬೇಕಾದ್ದು ಬೆಲ್ಟು. ಬೆವರಿದರೆ ಜಾರುತ್ತೆ, ಜಾರಿದರೆ ಅಂಕಿ ಕೆಡುತ್ತೆ. ಒಳಗಡೆ ರಬ್ಬರ್ ಪಟ್ಟಿ ಹಾಕಿ ಹೊಲಿಯಲು ಟೈಲರ್ ಹತ್ತಿರ ಕೊಟ್ಟಿದ್ದೇನೆ. ಬಂದ ಮೇಲೆ ಮತ್ತೆ ಮೊದಲಿಂದ, ಒಬ್ಬರನ್ನೇ ಎರಡೆರಡು ಸಲ.