ಪಿಟೀಲು ಕಿವಿಗೆ ಚುಚ್ಚುತ್ತಿದೆಯೇ? ಮೊದಲು ಒಂದು ಹಾಸಿಗೆ ತನ್ನಿ

ಒಳ್ಳೆಯ ಸ್ಪೀಕರ್ ಇದೆ, ಆದರೆ ಅರ್ಧ ಗಂಟೆ ಕೇಳುವಷ್ಟರಲ್ಲಿ ತಲೆ ಭಾರ. ಹಾಡುವವರ 'ಸ', 'ಶ' ಚುರ್ ಅನ್ನುತ್ತವೆ, ಪಿಟೀಲು ಕಿವಿಗೆ ಚುಚ್ಚುತ್ತದೆ. ನಮ್ಮ ಹಾಲ್‌ನಲ್ಲೂ ಹೀಗೇ ಆಗಿತ್ತು. ಕೇಬಲ್ ಬದಲಾಯಿಸಿದೆ, ಆಂಪ್ಲಿಫೈಯರ್ ಬದಲಾಯಿಸಿದೆ, ದುಡ್ಡು ಹೋಯಿತೇ ಹೊರತು ಚುಚ್ಚುವುದು ನಿಲ್ಲಲಿಲ್ಲ. ತೊಂದರೆ ಇದ್ದದ್ದು ಕೋಣೆಯಲ್ಲಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಉದ್ದದ ಗಾಜಿನ ಕಿಟಕಿ, ಉಳಿದದ್ದೆಲ್ಲ ಬರೀ ಸಿಮೆಂಟು. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ಸದ್ದಿಗೆ. ಟೈಲ್ಸು, ಗಾಜು ಅದನ್ನೇ ಹೀರದೆ ವಾಪಸ್ ಎಸೆಯುತ್ತವೆ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ 'ಟ್ರ್‌ರ್' ಅಂತ ತಗಡು ನಡುಗಿದ ಹಾಗೆ ಕೇಳಿಸಿದರೆ, ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಎಸೆದಾಡುತ್ತಿವೆ ಅಂತ ಅರ್ಥ.

ಈಗ ನೀವು ಕೇಳುವ ಜಾಗದಲ್ಲಿ ಕೂರಿ. ಮನೆಯವರೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಹಿಡಿದು, ನಿಮ್ಮ ಕಿವಿಯ ಎತ್ತರದಲ್ಲಿ ನಿಧಾನವಾಗಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆ ಪೆನ್ಸಿಲ್ ಗುರುತು ಹಾಕಿ. ಸದ್ದು ಗೋಡೆಗೆ ಬಡಿದು ನಿಮ್ಮ ಕಡೆ ತಿರುಗುವುದು ಅಲ್ಲೇ. ಎರಡೂ ಗೋಡೆಗೆ ಹೀಗೆ ಮಾಡಿ, ಆಮೇಲೆ ಮಂಚದ ಹತ್ತಿ ಹಾಸಿಗೆ ತಂದು ಗುರುತಿಗೆ ಒರಗಿಸಿ, ಅದೇ ಹಾಡು ಹಾಕಿ. ಪಿಟೀಲು ಮೆತ್ತಗಾಯಿತಾ? ಹಾಗಾದರೆ ಉತ್ತರ ಸಿಕ್ಕಿತು, ಅದೂ ಒಂದು ಪೈಸೆ ಖರ್ಚಿಲ್ಲದೆ. 1895ರಲ್ಲಿ ಹಾರ್ವರ್ಡ್‌ನಲ್ಲಿ ವ್ಯಾಲೆಸ್ ಸಬೈನ್ ಅನ್ನುವ ಪ್ರಾಧ್ಯಾಪಕರು ಪ್ರತಿಧ್ವನಿ ತುಂಬಿದ ಪಾಠದ ಕೋಣೆಯೊಂದನ್ನು ಅಳೆಯಲು ಶುರು ಮಾಡಿದ್ದೂ ಹೀಗೇ. ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು.

ಹಾಸಿಗೆಯನ್ನು ಹಾಲ್‌ನಲ್ಲೇ ಬಿಡೋಕೆ ಆಗಲ್ಲ, ಅಲ್ವಾ? ಅದರ ಬದಲು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮರದ ಚೌಕಟ್ಟು ಮಾಡಿಸಿ. ಒಳಗೆ 2 ಇಂಚಿನ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರು) ಹಲಗೆ ಇಟ್ಟು ಬಟ್ಟೆ ಬಿಗಿಯಿರಿ. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಸಲೀಸಾಗಿ ಆಚೆ ಹೋಗಬೇಕು, ಇಲ್ಲದಿದ್ದರೆ ಸದ್ದೂ ಒಳಗೆ ಹೋಗುವುದಿಲ್ಲ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು, ಕಡಿತ ಜಾಸ್ತಿ. ಪೆನ್ಸಿಲ್ ಗುರುತಿನ ಜಾಗದಲ್ಲಿ, ಗೋಡೆಯಿಂದ ಎರಡು ಇಂಚು ಬಿಟ್ಟು ನೇತುಹಾಕಿದರೆ ಇನ್ನೂ ಕೆಳಗಿನ ಸ್ವರಗಳನ್ನೂ ಹೀರುತ್ತದೆ. ಮೊಟ್ಟೆ ಟ್ರೇ ಅಂಟಿಸುವುದು ದಯವಿಟ್ಟು ಬೇಡ. ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ, ಬೆಂಕಿಯ ಭಯ ಬೇರೆ.

ನೆಲಕ್ಕೆ ಸ್ಪೀಕರ್ ಮತ್ತು ನಿಮ್ಮ ನಡುವೆ ಜಮಖಾನ ಹಾಸಿ, ಅದರಡಿ ದಪ್ಪ ಕಂಬಳಿ ಇರಲಿ. ಬರೀ ತೆಳು ಜಮಖಾನ ಸಾಲದು. ಕಿಟಕಿಗೆ ಅದರ ಎರಡರಷ್ಟು ಅಗಲದ ಭಾರವಾದ ಪರದೆ, ನೆರಿಗೆ ನೆರಿಗೆಯಾಗಿ ಬೀಳುವ ಹಾಗೆ.

ಸ್ಪೀಕರ್‌ನ ಟ್ವೀಟರ್, ಅಂದರೆ ಮೇಲಿನ ಸ್ವರಗಳನ್ನು ಹೊರಡಿಸುವ ಚಿಕ್ಕ ಭಾಗ, ನಿಮ್ಮ ಕಿವಿಯ ಎತ್ತರಕ್ಕಿರಲಿ. ಅದು ನೇರ ನಿಮ್ಮನ್ನೇ ನೋಡುತ್ತಿದ್ದರೆ ಸ್ವಲ್ಪ ಹೊರಕ್ಕೆ ತಿರುಗಿಸಿ. ಒಂದೊಂದು ಇಂಚೂ ಕೇಳಿಸುತ್ತದೆ, ಆತುರ ಬೇಡ. ಇಷ್ಟಾದ ಮೇಲೂ ಚೂರು ಉಳಿದಿದ್ದರೆ ಮಾತ್ರ ಆಂಪ್ಲಿಫೈಯರ್‌ನಲ್ಲಿ ಟ್ರೆಬಲ್ (ಮೇಲಿನ ಸ್ವರಗಳ ಮಟ್ಟ) ಅನ್ನು ಒಂದೆರಡು ಡೆಸಿಬಲ್ ಇಳಿಸಿ.

ಸಿಕ್ಕ ಗೋಡೆಗೆಲ್ಲ ಮೆತ್ತೆ ಹಾಕಿದರೆ ತಂಬೂರಿಯ ಝೇಂಕಾರವೇ ಸತ್ತುಹೋಗುತ್ತದೆ. ಹಿಂದಿನ ಗೋಡೆಗೆ ನಾನು ಪುಸ್ತಕದ ಕಪಾಟು ಇಟ್ಟಿದ್ದೇನೆ, ಬಾಗಿಲಿಲ್ಲದ್ದು, ಸದ್ದು ಚದುರಲಿ ಅಂತ ಪುಸ್ತಕಗಳನ್ನು ಕೆಲವು ಮುಂದೆ, ಕೆಲವು ಹಿಂದೆ ಸರಿಸಿ ಜೋಡಿಸಿದ್ದು. ಆ ಗೋಡೆಗೆ ಅಷ್ಟೇ ಸಾಕಾಯಿತು.