ಸ್ಲರ್ಮ್ ನಿಲ್ಲಿಸಿದೆ, ಜಾಬ್‌ಗಳು ನಿಲ್ಲಲಿಲ್ಲ

ನಮ್ಮ ಕಾಲೇಜಿನ ಕ್ಲಸ್ಟರ್, ಅಂದರೆ ಒಟ್ಟಿಗೆ ಲೆಕ್ಕ ಮಾಡುವ ಕಂಪ್ಯೂಟರ್‌ಗಳ ಗುಂಪು, ದೊಡ್ಡದೇನಲ್ಲ. 16 ನೋಡ್ (ಒಂದೊಂದೂ ಒಂದು ಕಂಪ್ಯೂಟರ್), ಒಂದು ಸ್ಟೋರೇಜ್, ಬಳಸುವವರು ಕೊಡುವ ಲೆಕ್ಕದ ಕೆಲಸಗಳನ್ನು, ಅಂದರೆ ಜಾಬ್‌ಗಳನ್ನು, ಹಂಚಲು ಸ್ಲರ್ಮ್ ಎಂಬ ಸಾಫ್ಟ್‌ವೇರ್. ಮೊದಲ ಸಲ ಮೇಂಟೆನೆನ್ಸ್ ಮಾಡಿದಾಗ ಹೆಡ್‌ನೋಡಿಗೆ ಹೋಗಿ ಸ್ಲರ್ಮ್‌ನ ಕಂಟ್ರೋಲರ್ ಆದ ಸ್ಲರ್ಮ್‌ಕಂಟ್ರೋಲ್‌ಡಿ (slurmctld) ನಿಲ್ಲಿಸಿದೆ, ಅಷ್ಟೇ. ಜಾಬ್‌ಗಳ ಸಾಲು ತೋರಿಸುವ ಎಸ್‌ಕ್ಯೂ (squeue) ಕಮಾಂಡ್ ಹೊಡೆದರೆ ಕಂಟ್ರೋಲರ್ ಸಿಗುತ್ತಿಲ್ಲ ಎಂದಿತು. ಎಲ್ಲ ನಿಂತಿತು ಅಂದುಕೊಂಡು ಸ್ಟೋರೇಜಿಗೆ ಕೈ ಹಾಕಿದೆ.

ನಿಂತಿರಲಿಲ್ಲ. ಕಂಟ್ರೋಲರ್ ಅಂದರೆ ಮೇಸ್ತ್ರಿ. ಮೇಸ್ತ್ರಿ ಮನೆಗೆ ಹೋದರೂ ಗೋಡೆ ಕಟ್ಟುವವರು ಕಟ್ಟುತ್ತಲೇ ಇರುತ್ತಾರೆ, ಅಲ್ವಾ? ನೋಡ್‌ನಲ್ಲಿ ಪ್ರತಿ ಜಾಬನ್ನು ಸ್ಲರ್ಮ್‌ಸ್ಟೆಪ್‌ಡಿ ಅನ್ನುವ ಪ್ರೋಸೆಸ್ ಕಾಯುತ್ತಿರುತ್ತದೆ. ಮೇಲಿನ ಕಂಟ್ರೋಲರ್ ಬಿದ್ದರೂ ಜಾಬ್ ಓಡಲಿ ಎಂದೇ ಹಾಗೆ ಮಾಡಿದ್ದಾರೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಐದು ದಿನದ ಲೆಕ್ಕ ಅವತ್ತು ಹೋಯಿತು. ಚೆಕ್‌ಪಾಯಿಂಟ್, ಅಂದರೆ ನಡುನಡುವೆ ಉಳಿಸಿಟ್ಟ ಪ್ರತಿ, ಇರಲಿಲ್ಲ. "ಪರವಾಗಿಲ್ಲ ಸರ್" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ನನ್ನ ಕೆಲಸ ಹತ್ತು ದಿನ ಮುಂಚೆ ಶುರುವಾಗುತ್ತದೆ. ನಮ್ಮಲ್ಲಿ ಒಂದು ಜಾಬ್‌ಗೆ ಜಾಸ್ತಿ ಅಂದರೆ 7 ದಿನ. ಅದಕ್ಕೂ ಮೊದಲೇ ಎಲ್ಲ ನೋಡ್‌ಗಳ ಮೇಲೆ ಮೇಂಟೆನೆನ್ಸ್‌ಗೆಂದು ಹೇಳುವ ಮೇಂಟ್ ಫ್ಲ್ಯಾಗ್ ಹಾಕಿ ರಿಸರ್ವೇಶನ್ ಮಾಡುತ್ತೇನೆ, ಅಂದರೆ ಆ ಹೊತ್ತಿಗೆ ನೋಡ್‌ಗಳನ್ನು ಕಾದಿರಿಸುತ್ತೇನೆ. ಬಳಸುವವರ ಪಟ್ಟಿಯಲ್ಲಿ ನನ್ನ ಹೆಸರು ಮಾತ್ರ. ಮಿಕ್ಕ ಲೆಕ್ಕ ಸ್ಲರ್ಮ್‌ದು: ಮೇಂಟೆನೆನ್ಸ್ ಶುರುವಾಗುವ ಶನಿವಾರ ಬೆಳಿಗ್ಗೆ 9ರೊಳಗೆ ಮುಗಿಯುವ ಜಾಬನ್ನು ಬಿಡುತ್ತದೆ, ಮುಗಿಯದ್ದನ್ನು ಶುರುವೇ ಮಾಡುವುದಿಲ್ಲ. ಕೊಲ್ಲುವ ಪ್ರಶ್ನೆಯೇ ಬರುವುದಿಲ್ಲ, ಕ್ಲಸ್ಟರ್ ತಾನಾಗಿ ಖಾಲಿಯಾಗುತ್ತದೆ.

ಗುರುವಾರದ ಹೊತ್ತಿಗೆ ಫೋನ್‌ಗಳು ಶುರು. "ಸರ್, ನೋಡ್ ಖಾಲಿ ಇದೆ, ನನ್ನ ಜಾಬ್ ಪೆಂಡಿಂಗ್ ಯಾಕೆ?" ನೋಡಿದರೆ ಆರು ಗಂಟೆಯ ಕೆಲಸಕ್ಕೆ 7 ದಿನ ಕೇಳಿರುತ್ತಾರೆ. ಸೀನಿಯರ್ ಕೊಟ್ಟ ಸ್ಕ್ರಿಪ್ಟು, ಸುಮ್ನೆ ಕಾಪಿ ಹೊಡೆದದ್ದು. ಟೈಮ್ ಲಿಮಿಟ್ ಇಳಿಸಲು ಜಾಬ್ ಹಾಕಿದವರಿಗೇ ಅಧಿಕಾರವಿದೆ, ಏರಿಸಲು ಮಾತ್ರ ಅಡ್ಮಿನ್ ಬೇಕು. ಇಳಿಸಿಕೊಂಡರೆ ಅವತ್ತೇ ಓಡುತ್ತದೆ.

ಶನಿವಾರ ಎಸ್‌ಕ್ಯೂ ಖಾಲಿ ಎಂದರೂ ಒಂದೊಂದೇ ನೋಡಿಗೆ ಹೋಗಿ ಉಳಿದ ಪ್ರೋಸೆಸ್ ನೋಡುತ್ತೇನೆ. ಮೊದಲು ಕಂಟ್ರೋಲರ್, ಆಮೇಲೆ ನೋಡ್‌ಗಳಲ್ಲಿ ಜಾಬ್ ಶುರು ಮಾಡುವ ಸ್ಲರ್ಮ್‌ಡಿ, ಕೊನೆಗೆ ಲೆಕ್ಕಪತ್ರ ಬರೆಯುವ ಸ್ಲರ್ಮ್‌ಡಿಬಿಡಿ ನಿಲ್ಲಿಸುತ್ತೇನೆ. ಕಂಟ್ರೋಲರ್ ನಿಂತ ಮೇಲೆ ಅದರ ಸ್ಟೇಟ್ ಫೋಲ್ಡರ್ ಕಾಪಿ ಮಾಡಲೇಬೇಕು. ಕಾಯುತ್ತಿರುವ ಜಾಬ್‌ಗಳೆಲ್ಲ ಇರುವುದು ಅಲ್ಲೇ. ಲೆಕ್ಕಪತ್ರವಿರುವ ಮಾರಿಯಾಡಿಬಿ ಡೇಟಾಬೇಸಿಗೂ ಒಂದು ಡಂಪ್, ಅಂದರೆ ಪೂರ್ತಿ ಪ್ರತಿ. ನಿಲ್ಲಿಸಿದರೆ ಸಾಲದು, ಬೂಟ್ ಆಗುವಾಗ ಇವನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಡಿಸೇಬಲ್ ಕೂಡ ಮಾಡುತ್ತೇನೆ. ಇಲ್ಲದಿದ್ದರೆ ರೀಬೂಟ್ ಆದ ಕೂಡಲೇ ಸ್ಟೋರೇಜ್ ಬರುವ ಮುಂಚೆ ಸ್ಲರ್ಮ್ ಎದ್ದು ಕೂರುತ್ತದೆ. ಹೋಮ್ (ಸ್ಟೋರೇಜಿನಲ್ಲಿರುವ ಬಳಸುವವರ ಫೋಲ್ಡರ್) ಇಲ್ಲದ ನೋಡಿಗೆ ಜಾಬ್ ಹೋದರೆ ಕ್ಷಣದಲ್ಲಿ ಫೇಲ್. ನೋಡ್ ಮತ್ತೆ ಖಾಲಿ, ಮತ್ತೊಂದು ಜಾಬ್, ಅದೂ ಫೇಲ್. ಇಡೀ ಕ್ಯೂ ನುಂಗಲು ಅಂಥ ಒಂದು ನೋಡ್ ಸಾಕು.

ಇನ್ನೊಂದು ಪೆಟ್ಟು ತಿಂದಿದ್ದೇನೆ. ಒಮ್ಮೆ ರಿಸರ್ವೇಶನ್ನಿಗೆ ಸಂಜೆ 6 ಎಂದು ಕೊನೆ ಹಾಕಿದ್ದೆ. ಸ್ಲರ್ಮ್ ಮೇಲೆ ಬಂದಿತ್ತು, ನೆಟ್‌ವರ್ಕ್ ಕೆಲಸ ಇನ್ನೂ ನಡೆದಿತ್ತು. 6 ಹೊಡೆಯುತ್ತಲೇ ಜಾಬ್‌ಗಳು ಓಡಲು ಶುರು ಮಾಡಿದವು. ಈಗ ಸೋಮವಾರದ ತನಕ ಹಾಕಿ, ಕೈಯಾರೆ ಅಳಿಸುತ್ತೇನೆ. ಅಳಿಸುವ ಮುಂಚೆ ರಿಸರ್ವೇಶನ್ ಒಳಗೇ ಎಲ್ಲ ನೋಡ್‌ಗಳ ಮೇಲೆ ಹೋಮ್‌ನಲ್ಲಿ ಒಂದು ಫೈಲ್ ಬರೆದು ಆ ನೋಡಿನ ಹೆಸರು ಹೇಳುವ ಪುಟ್ಟ ಜಾಬ್ ಓಡಿಸುತ್ತೇನೆ. ಕಳೆದ ಸಲ 15 ಹೆಸರು ಬಂದವು. ಒಂದು ಕೇಬಲ್ ಸಡಿಲವಿತ್ತು.