ಮನೆ ಒಂದೂರಲ್ಲಿ, ಬೇಸ್ ಇನ್ನೊಂದೂರಲ್ಲಿ: ಅಮೆರಿಕದ ಏರ್‌ಲೈನ್ ಪೈಲಟ್‌ಗಳ ತೆರಿಗೆ ಲೆಕ್ಕ

ಸಂಸಾರ ಫ್ಲಾರಿಡಾದ ಟ್ಯಾಂಪಾದಲ್ಲಿ, ಡ್ಯೂಟಿ ಶುರುವಾಗುವ ಜಾಗ, ಅಂದರೆ ಬೇಸ್, ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ. ಅಮೆರಿಕದ ಏರ್‌ಲೈನ್ ಪೈಲಟ್‌ಗಳಲ್ಲಿ ಹೀಗೆ ಮನೆಯಿಂದ ಬೇಸ್‌ಗೆ ಓಡಾಡುವವರು, ಅಂದರೆ ಕಮ್ಯೂಟ್ ಮಾಡುವವರು, ಬಹಳ ಮಂದಿ. ಹಿಂದಿನ ದಿನವೇ ಜಂಪ್‌ಸೀಟ್ (ವಿಮಾನದಲ್ಲಿ ಸಿಬ್ಬಂದಿಗೆಂದು ಇರುವ ಹೆಚ್ಚುವರಿ ಸೀಟು) ಹಿಡಿಯಬೇಕು, ಸಿಗದಿದ್ದರೆ ಟಿಕೆಟ್ ಕೊಳ್ಳಬೇಕು, ರಾತ್ರಿ ಕ್ರ್ಯಾಶ್‌ಪ್ಯಾಡ್‌ನಲ್ಲೋ (ಸಿಬ್ಬಂದಿ ಬೇಸ್ ಬಳಿ ಬಾಡಿಗೆಗೆ ಹಿಡಿಯುವ ತಂಗುವ ಜಾಗ) ಹೋಟೆಲಿನಲ್ಲೋ ಕಳೆಯಬೇಕು. ಈ ಖರ್ಚನ್ನು ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ, ಫೆಡರಲ್ ರಿಟರ್ನ್‌ನಲ್ಲೂ ಇಲ್ಲ, ರಾಜ್ಯದ ರಿಟರ್ನ್‌ನಲ್ಲೂ ಇಲ್ಲ. ಕಮ್ಯೂಟ್ ಮಾಡುವವರಿಗೆ ನಿಜವಾಗಿ ದುಡ್ಡು ಉಳಿಯುವುದು ಬೇರೆ ಕಡೆ: ಮನೆ ಯಾವ ರಾಜ್ಯದಲ್ಲಿದೆ ಎಂಬುದರಲ್ಲಿ. ಅದಕ್ಕೆ ಬರುವ ಮುನ್ನ, ಕಮ್ಯೂಟ್ ಖರ್ಚು ಏಕೆ ನಡೆಯುವುದಿಲ್ಲ ಎಂದು ನೋಡೋಣ.

ತೆರಿಗೆ ಇಲಾಖೆಯಾದ ಐಆರ್‌ಎಸ್‌ ಲೆಕ್ಕದಲ್ಲಿ ನಿಮ್ಮ 'ಟ್ಯಾಕ್ಸ್ ಹೋಮ್' ಎಂದರೆ ಮುಖ್ಯ ಕೆಲಸದ ಜಾಗ, ಅಂದರೆ ಬೇಸ್. ಹೆಂಡತಿ ಮಕ್ಕಳು ಎಲ್ಲಿದ್ದಾರೆ ಎಂಬುದು ಅಲ್ಲಿ ಗಣನೆಗೆ ಬರುವುದಿಲ್ಲ. 1946ರ ಫ್ಲವರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅಡಿಪಾಯ ಹಾಕಿತು. ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಮನೆ ಇಟ್ಟುಕೊಂಡು ಅಲಬಾಮಾದ ಮೊಬೀಲ್‌ನಲ್ಲಿ ರೈಲ್ವೆ ಕಂಪನಿಯ ಕೆಲಸ ಮಾಡುತ್ತಿದ್ದ ವಕೀಲರೊಬ್ಬರು ಓಡಾಟ, ಊಟ, ಹೋಟೆಲಿನ ಖರ್ಚನ್ನು ಕಳೆದಿದ್ದರು. ಜಾಕ್ಸನ್‌ನಲ್ಲಿ ಇರಬೇಕೆಂದು ರೈಲ್ವೆ ಕೇಳಿರಲಿಲ್ಲ, ಅದು ಅವರ ಸ್ವಂತ ಅನುಕೂಲ ಎಂದು ಕೋರ್ಟ್ ತಳ್ಳಿಹಾಕಿತು. ಪೈಲಟ್‌ಗಳ ಕಥೆಯೂ ಇಷ್ಟೇ. ಕ್ರ್ಯಾಶ್‌ಪ್ಯಾಡ್ ಬಾಡಿಗೆ, ಬೇಸ್‌ನಲ್ಲಿ ಮೊದಲ ರಾತ್ರಿಯ ಹೋಟೆಲ್, ವಿಮಾನ ನಿಲ್ದಾಣದ ಪಾರ್ಕಿಂಗ್ ಎಲ್ಲವೂ ಸ್ವಂತ ಖರ್ಚು. ಒಪ್ಪಂದದ ಪ್ರಕಾರ ಕಂಪನಿಯೇ ಬೇಸ್‌ನಲ್ಲಿ ಕಮ್ಯೂಟರ್ ಹೋಟೆಲ್ ಕೊಟ್ಟರೆ ಅದೂ ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ.

ಒಂದು ಅಪವಾದ ಉಂಟು. ಕಂಪನಿ ತಾತ್ಕಾಲಿಕವಾಗಿ ಬೇರೆ ಬೇಸ್‌ಗೆ ಕಳಿಸಿದಾಗ ಅಲ್ಲಿನ ವಾಸ, ಊಟ, ಪ್ರಯಾಣವೆಲ್ಲ ಕೆಲಸದ ಖರ್ಚೇ. ಆದರೆ ಆ ನಿಯೋಜನೆ ಒಂದು ವರ್ಷದೊಳಗೆ ಮುಗಿಯುವಂಥದ್ದಾಗಿರಬೇಕು, ಮುಗಿದೂ ಇರಬೇಕು. ಎಂಟು ತಿಂಗಳಿಗೆಂದು ಹೋಗಿ, ಆರನೇ ತಿಂಗಳಲ್ಲಿ ಹದಿನಾಲ್ಕು ತಿಂಗಳಿಗೆ ವಿಸ್ತರಣೆಯಾದರೆ, ವಿಷಯ ತಿಳಿದ ದಿನದಿಂದ ಹೊಸ ಬೇಸ್ ನಿಮ್ಮ ಟ್ಯಾಕ್ಸ್ ಹೋಮ್ ಆಗುತ್ತದೆ. ಹಾಗಾಗಿ ನಿಯೋಜನೆಯ ಪತ್ರ, ವಿಸ್ತರಣೆಯ ಇಮೇಲ್ ಎರಡನ್ನೂ ದಿನಾಂಕ ಸಮೇತ ಇಟ್ಟುಕೊಳ್ಳಿ.

ಜಂಪ್‌ಸೀಟಿನಲ್ಲೋ ಖಾಲಿ ಸೀಟಿನಲ್ಲೋ ಉಚಿತವಾಗಿ ಹಾರಿದರೆ ಅದರ ಬೆಲೆಯನ್ನು ಆದಾಯವೆಂದು ಹಿಡಿಯುವುದಿಲ್ಲ. ಸರ್ಕಾರ ಕಮ್ಯೂಟರ್‌ಗೆ ಕೊಡುವ ದೊಡ್ಡ ರಿಯಾಯಿತಿ ಇದೇ. ಇನ್ನೊಂದು, ಕಂಪನಿ ಯೋಜನೆ ಮಾಡಿದ್ದರೆ ಸಂಬಳದಿಂದ ತೆರಿಗೆಗೆ ಮೊದಲೇ ಕಳೆಯುವ ಪಾರ್ಕಿಂಗ್ ಮತ್ತು ಬಸ್-ರೈಲು ಪಾಸ್: 2025ಕ್ಕೆ ತಲಾ ತಿಂಗಳಿಗೆ 325 ಡಾಲರ್ ಮಿತಿ. ರಿಟರ್ನ್ ತುಂಬುವಾಗ ಇದನ್ನು ನೀವಾಗಿ ಕಳೆಯಲಾಗದು. ಕಂಪನಿಯ ಮೂಲಕವೇ ಆಗಬೇಕು.

ಫೆಡರಲ್ ಬಾಗಿಲು ಮುಚ್ಚಿದೆ, ರಾಜ್ಯದ್ದು ಕೆಲವೆಡೆ ತೆರೆದಿದೆ

ಕಮ್ಯೂಟ್ ಬಿಟ್ಟು ನಿಜವಾದ ಕೆಲಸದ ಖರ್ಚುಗಳನ್ನು ನೋಡಿ: ಯೂನಿಫಾರ್ಮ್, ಯೂನಿಯನ್ ಚಂದಾ, ವಿಮಾನಯಾನ ಇಲಾಖೆಯಾದ ಎಫ್‌ಎಎಗೆ ಬೇಕಾದ ಮೆಡಿಕಲ್ ತಪಾಸಣೆ, ಹೆಡ್‌ಸೆಟ್, ಲೇಓವರ್ (ಟ್ರಿಪ್ ನಡುವೆ ಬೇರೆ ಊರಲ್ಲಿ ತಂಗಿದಾಗಿನ) ಊಟ. 2017ರ ತೆರಿಗೆ ಕಾನೂನು ಸಂಬಳದಾರರ ಇಂಥ ಕಡಿತವನ್ನು 2018ರಿಂದ ತಡೆಹಿಡಿಯಿತು. 2026ಕ್ಕೆ ಅದು ವಾಪಸ್ ಬರಬೇಕಿತ್ತು, ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನು ತಡೆಯನ್ನು ಕಾಯಂ ಮಾಡಿತು. ಉದ್ಯೋಗಿಯ ಖರ್ಚು ಕಳೆಯುವ 'ಫಾರ್ಮ್ 2106 ತುಂಬಿಕೊಡುತ್ತೇನೆ' ಎನ್ನುವ ತೆರಿಗೆ ಏಜೆಂಟ್ ಸಿಕ್ಕರೆ ಯಾವ ಆಧಾರದ ಮೇಲೆ ಎಂದು ಕೇಳಿ. ಪೈಲಟ್‌ಗಳಲ್ಲಿ ಅದು ಸಾಮಾನ್ಯವಾಗಿ ಅನ್ವಯಿಸುವುದು ಮಿಲಿಟರಿ ರಿಸರ್ವ್ ಅಥವಾ ನ್ಯಾಷನಲ್ ಗಾರ್ಡ್‌ನಲ್ಲಿ ಇರುವವರಿಗೆ. ಡ್ರಿಲ್‌ಗೆಂದು ಮನೆಯಿಂದ 100 ಮೈಲಿಗಿಂತ ಹೆಚ್ಚು ದೂರ ಹೋಗಿ ರಾತ್ರಿ ಉಳಿದರೆ ಆ ಪ್ರಯಾಣದ ಖರ್ಚನ್ನು ಅವರು ಐಟಮೈಸ್ ಮಾಡದೆಯೂ (ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡದೆಯೂ) ಕಳೆಯಬಹುದು. ಅದೂ ಮಿಲಿಟರಿ ಕೆಲಸದ್ದು ಮಾತ್ರ, ಏರ್‌ಲೈನಿನದ್ದಲ್ಲ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಮುಂತಾದ ಕೆಲವು ರಾಜ್ಯಗಳು ಮಾತ್ರ ಹಳೆಯ ಕಡಿತವನ್ನು ಉಳಿಸಿಕೊಂಡಿವೆ. ಪೆನ್ಸಿಲ್ವೇನಿಯಾದಲ್ಲಿ ಶೆಡ್ಯೂಲ್ ಯುಇ ತುಂಬಬೇಕು, ಕನಿಷ್ಠ ಮಿತಿ ಇಲ್ಲ. ತೆರಿಗೆ ದರ ಶೇ 3.07 ಆಗಿರುವುದರಿಂದ 1,000 ಡಾಲರ್ ಕಡಿತಕ್ಕೆ ಉಳಿಯುವುದು ಸುಮಾರು 31 ಡಾಲರ್. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್‌ನಲ್ಲಿ ಐಟಮೈಸ್ ಮಾಡಬೇಕು (ನ್ಯೂಯಾರ್ಕ್‌ನಲ್ಲಿ ಫಾರ್ಮ್ ಐಟಿ-196). ಒಟ್ಟು ಖರ್ಚಿನಲ್ಲಿ ಆದಾಯದ ಶೇ 2ನ್ನು ದಾಟಿದ ಭಾಗವಷ್ಟೇ ಸಿಗುತ್ತದೆ. ಫೆಡರಲ್‌ನಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಪಟ್ಟಿಯಿಲ್ಲದೆ ಸಿಗುವ ನಿಗದಿತ ಕಡಿತ) ತೆಗೆದುಕೊಂಡಿದ್ದರೂ ಈ ಎರಡು ರಾಜ್ಯಗಳಲ್ಲಿ ಬೇರೆಯಾಗಿ ಐಟಮೈಸ್ ಮಾಡಬಹುದು. ಹೆಚ್ಚಿನವರು ಎಡವುವುದು ಇಲ್ಲೇ: ಸಾಫ್ಟ್‌ವೇರ್ ಫೆಡರಲ್ ಆಯ್ಕೆಯನ್ನೇ ರಾಜ್ಯಕ್ಕೂ ಎಳೆದರೆ ಗಮನಿಸುವುದಿಲ್ಲ.

ಊಟದ ಲೆಕ್ಕ ಸ್ವಲ್ಪ ತಾಳ್ಮೆ ಬೇಡುತ್ತದೆ. ಸಾರಿಗೆ ಕೆಲಸಗಾರರಿಗೆ 2024ರ ಅಕ್ಟೋಬರ್ 1ರಿಂದ ದಿನಕ್ಕೆ ದೇಶದೊಳಗೆ 80 ಡಾಲರ್, ಹೊರಗೆ 86 ಡಾಲರ್ ಎಂಬ ವಿಶೇಷ ದರವಿದೆ. ಹೊರಡುವ ದಿನ ಮತ್ತು ವಾಪಸಾಗುವ ದಿನ ಮುಕ್ಕಾಲು ದಿನವೆಂದು ಲೆಕ್ಕ. ಮೂರು ದಿನದ ಟ್ರಿಪ್ ಎಂದರೆ ಎರಡೂವರೆ ದಿನ, 200 ಡಾಲರ್. ಕಂಪನಿ ಗಂಟೆಗೆ 2.50ರಂತೆ 56 ಗಂಟೆಗೆ 140 ಡಾಲರ್ ಪರ್ ಡೀಮ್ (ಟ್ರಿಪ್ ಭತ್ಯೆ) ಕೊಟ್ಟಿತೆನ್ನಿ. ಉಳಿದ 60ರಲ್ಲಿ ಶೇ 80, ಅಂದರೆ 48 ಡಾಲರ್ ಕಡಿತಕ್ಕೆ ಬರುವ ಖರ್ಚು. ಬೇರೆ ಉದ್ಯೋಗಿಗಳಿಗೆ ಊಟದಲ್ಲಿ ಶೇ 50 ಮಾತ್ರ. ಸಾರಿಗೆ ಇಲಾಖೆಯ ಡ್ಯೂಟಿ ಅವಧಿ ನಿಯಮಕ್ಕೆ ಒಳಪಟ್ಟವರಿಗೆ 80. ಈ ಸಂಖ್ಯೆಯನ್ನು ತಾನಾಗಿ ಹಾಕದ ಸಾಫ್ಟ್‌ವೇರ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕಾಗುತ್ತದೆ.

ವರ್ಷಕ್ಕೆ ಅಂಥ 40 ಟ್ರಿಪ್ ಎಂದರೆ 1,920. ಯೂನಿಯನ್ ಚಂದಾ 1,600, ಯೂನಿಫಾರ್ಮ್ ಮತ್ತು ಮೆಡಿಕಲ್ 600 ಸೇರಿ 4,120. ಆದಾಯ 90,000 ಆಗಿದ್ದರೆ ಶೇ 2 ಅಂದರೆ 1,800 ಕಳೆದು 2,320 ಡಾಲರ್ ಕಡಿತ. ಸಂಬಳ ದೊಡ್ಡದು, ಮಿತಿ ದಾಟಲಾರೆ ಎಂದು ಕ್ಯಾಪ್ಟನ್‌ಗಳು ಲೆಕ್ಕವನ್ನೇ ಬಿಡುತ್ತಾರೆ. ಚಂದಾ ಸಂಬಳದ ಶೇಕಡಾವಾರು ಆಗಿದ್ದರೆ ಮಿತಿಯ ದೊಡ್ಡ ಪಾಲನ್ನು ಅದೊಂದೇ ತುಂಬುತ್ತದೆ, ಮೊದಲು ಅದನ್ನು ಕೂಡಿಸಿ ನೋಡಿ.

ಪಟ್ಟಿ ಮಾಡುವಾಗ ಗೆರೆ ಎಲ್ಲಿ ಎಂಬುದು ಗೊತ್ತಿರಲಿ. ತೋಳಿನ ಪಟ್ಟೆ, ರೆಕ್ಕೆ ಚಿಹ್ನೆ ಇರುವ ಕೋಟು, ಟೋಪಿ, ಅವುಗಳ ಡ್ರೈಕ್ಲೀನಿಂಗ್ ನಡೆಯುತ್ತವೆ. ಕಪ್ಪು ಶೂ ನಡೆಯುವುದಿಲ್ಲ, ಬೇರೆ ದಿನವೂ ಹಾಕಬಹುದಲ್ಲ. ಈಗಾಗಲೇ ಏರ್‌ಲೈನ್ ಪೈಲಟ್ ಆಗಿರುವವರು ಸ್ವಂತ ದುಡ್ಡಿನಲ್ಲಿ ಮಾಡಿದ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಖರ್ಚನ್ನು ಕಳೆಯಬಹುದು. ವೃತ್ತಿಗೆ ಕಾಲಿಡಲು ಬೇಕಾದ ಲೈಸೆನ್ಸ್‌ಗಳ ಖರ್ಚು ಬರುವುದಿಲ್ಲ. ರಾತ್ರಿ ಉಳಿಯದೆ ಹೋಗಿಬರುವ ಡ್ಯೂಟಿಯ ಊಟ ಕಡಿತಕ್ಕೆ ಬಾರದು; ಅದಕ್ಕೆ ಕಂಪನಿ ಕೊಟ್ಟ ಪರ್ ಡೀಮ್ ತೆರಿಗೆಗೆ ಒಳಪಡುವ ಸಂಬಳವಾಗುತ್ತದೆ.

ದುಡ್ಡು ಉಳಿಯುವ ಜಾಗ

ಫೆಡರಲ್ ಕಾನೂನಿನ 49ನೇ ಶೀರ್ಷಿಕೆಯ 40116(ಎಫ್) ಕಲಂ ಪ್ರಕಾರ ವಿಮಾನ ಸಿಬ್ಬಂದಿಯ ಸಂಬಳಕ್ಕೆ ಎರಡೇ ಬಗೆಯ ರಾಜ್ಯ ತೆರಿಗೆ ಹಾಕಬಹುದು: ವಾಸದ ರಾಜ್ಯ, ಮತ್ತು ಅರ್ಧಕ್ಕಿಂತ ಹೆಚ್ಚು ಗಳಿಕೆಯಾಗುವ ರಾಜ್ಯ. ಗಳಿಕೆ ಎಲ್ಲಿ ಎಂಬುದನ್ನು ಅಳೆಯುವುದು ವರ್ಷದ ನಿಗದಿತ ಹಾರಾಟದ ಸಮಯದಿಂದ, ಬೇಸ್‌ನಿಂದಲ್ಲ. ಜೆಎಫ್‌ಕೆಯಿಂದ ಲಾಸ್ ಏಂಜಲೀಸ್‌ಗೆ ಹಾರುವವರು ನ್ಯೂಯಾರ್ಕ್ ಆಕಾಶದಲ್ಲಿ ಇರುವುದು ಕೆಲವೇ ನಿಮಿಷ. ಹಾಗಾಗಿ ಟ್ಯಾಂಪಾದ ನಿವಾಸಿಯ ಸಂಬಳ ನ್ಯೂಯಾರ್ಕಿಗೆ ಸಿಗುವುದಿಲ್ಲ. ಫ್ಲಾರಿಡಾದಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ. ಲಾಸ್ ವೇಗಸ್‌ನಲ್ಲಿದ್ದು ಲಾಸ್ ಏಂಜಲೀಸ್ ಬೇಸ್‌ಗೆ ಹೋಗುವವರಿಗೂ ಅದೇ ಲಾಭ, ಸ್ಯಾನ್ ಡಿಯಾಗೊ-ಸ್ಯಾಕ್ರಮೆಂಟೊದಂಥ ಕ್ಯಾಲಿಫೋರ್ನಿಯಾದೊಳಗಿನ ಮಾರ್ಗಗಳಲ್ಲೇ ವರ್ಷವೆಲ್ಲ ಹಾರದಿದ್ದರೆ.

ಇದನ್ನು ಕೆಡಿಸುವುದು ಕ್ರ್ಯಾಶ್‌ಪ್ಯಾಡ್. ನ್ಯೂಯಾರ್ಕ್‌ನಲ್ಲಿ ವರ್ಷದ ಬಹುಪಾಲು ಕಾಯಂ ವಸತಿ ಇಟ್ಟುಕೊಂಡು 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ಆ ರಾಜ್ಯ ನಿಮ್ಮನ್ನು ನಿವಾಸಿಯೆಂದೇ ಹಿಡಿಯುತ್ತದೆ. ದಿನದ ಒಂದು ಭಾಗ ಇದ್ದರೂ ಒಂದು ದಿನ. ನ್ಯೂಯಾರ್ಕ್‌ನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಹತ್ತು ಜನರ ನಡುವೆ ಒಂದು ಹಾಸಿಗೆಗೆ ದುಡ್ಡು ಕೊಡುವುದಕ್ಕೂ, ನಿಮ್ಮ ಹೆಸರಿನಲ್ಲಿ ಒಪ್ಪಂದ ಮಾಡಿ ಕೋಣೆ ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಅಪಾಯ ಎರಡನೆಯದರಲ್ಲಿ ಹೆಚ್ಚು. ರಿಸರ್ವ್ ಡ್ಯೂಟಿಯಲ್ಲಿ ಏರ್‌ಲೈನಿನ ಕರೆಗಾಗಿ ಬೇಸ್‌ನಲ್ಲೇ ಕಾಯುವವರು ದಿನಗಳನ್ನು ತಿಂಗಳು ತಿಂಗಳು ಎಣಿಸಲಿ. ಡ್ರೈವಿಂಗ್ ಲೈಸೆನ್ಸ್, ಕಾರಿನ ನೋಂದಣಿ, ಮತದಾರರ ಪಟ್ಟಿ ಎಲ್ಲವೂ ಮನೆಯ ರಾಜ್ಯದಲ್ಲೇ ಇರಲಿ.

ಜನವರಿಯಲ್ಲಿ ಡಬ್ಲ್ಯೂ-2 (ವರ್ಷದ ಸಂಬಳ, ಹಿಡಿದ ತೆರಿಗೆಗೆ ಕಂಪನಿ ಕೊಡುವ ಪತ್ರ) ಬಂದ ಕೂಡಲೇ ರಾಜ್ಯದ ಲೆಕ್ಕವಿರುವ 15ರಿಂದ 17ನೇ ಚೌಕ ನೋಡಿ. ಬೇಸ್ ಬದಲಾದ ವರ್ಷ ಅಥವಾ ವಿಳಾಸ ತಿದ್ದಲು ತಡವಾದ ವರ್ಷ ತಪ್ಪು ರಾಜ್ಯಕ್ಕೆ ತೆರಿಗೆ ಹೋಗಿರುವುದು ಇಲ್ಲೇ ಗೊತ್ತಾಗುವುದು. ಮೊದಲು ಪೇರೋಲ್‌ಗೆ ಬರೆದು ತಿದ್ದಿದ ಡಬ್ಲ್ಯೂ-2 ಕೇಳಿ. ಆಗದಿದ್ದರೆ ಅನಿವಾಸಿಯಾಗಿ ರಿಟರ್ನ್ ಹಾಕಿ (ನ್ಯೂಯಾರ್ಕ್‌ಗೆ ಐಟಿ-203), ರಾಜ್ಯವಾರು ಹಾರಾಟದ ಸಮಯದ ಪಟ್ಟಿ ಲಗತ್ತಿಸಿ ಹಣ ವಾಪಸ್ ಕೇಳಿ. ಆ ಪಟ್ಟಿಗೆ ಆಧಾರ ಕಂಪನಿಯ ಶೆಡ್ಯೂಲ್. ಹಳೆಯ ತಿಂಗಳುಗಳು ಸಿಸ್ಟಂನಿಂದ ಅಳಿಸಿಹೋಗಬಹುದು, ಆದ್ದರಿಂದ ಪ್ರತಿ ತಿಂಗಳ ಕೊನೆಗೆ ಪಿಡಿಎಫ್ ಇಳಿಸಿಟ್ಟುಕೊಳ್ಳಿ.